ಚೆಂಡಿನ ಪೋಸ್ಟ್‌ಮಾರ್ಟಂ

ಬೇಸ್‌ಬಾಲ್ ಚೆಂಡಿನೊಳಗೆ ಏನಿದೆಯೆಂದು ನಮ್ಮ ನಾಯಿಗೆ ಬಹುಕಾಲದ ಕುತೂಹಲ. ಬಾಸ್ಟನ್ನಿನಲ್ಲಿ ಜೊತೆಗೆ ಓದಿದ ಗೆಳೆಯರು ವಾರಾಂತ್ಯಕ್ಕೆ ಬರುತ್ತಾರೆಂದು, ಆ ಕಾಲದ ಚೆಂಡನ್ನು ಷೋಕೇಸಿನಿಂದ ಇಳಿಸಿ ಒರೆಸಿಟ್ಟದ್ದೇ ತಡ, ಸಂಶೋಧನೆ ಮುಗಿದಿತ್ತು. ದನದ ಚರ್ಮ, 108 ಜೋಡಿ ಹೊಲಿಗೆ, ಒಳಗೆ ನೂರಾರು ಗಜ ನೂಲು, ನಟ್ಟನಡುವೆ ಕಾರ್ಕು. ನೂಲಿನ ವಿಭಾಗವನ್ನು ಬೆಕ್ಕು ವಹಿಸಿಕೊಂಡು ಸೋಫಾದಿಂದ ಅಡುಗೆಮನೆಯವರೆಗೆ ಮಗ್ಗ ಹೂಡಿತ್ತು.

ಬಂದ ಗೆಳೆಯರು ನೂಲು ಸುತ್ತುತ್ತಲೇ 2004ಕ್ಕೆ ಹೊರಟುಬಿಟ್ಟರು. ಯಾಂಕೀಸ್ ಎದುರು ಮೊದಲ ಮೂರೂ ಪಂದ್ಯ ಸೋತ ಬಾಸ್ಟನ್ನಿನ ರೆಡ್ ಸಾಕ್ಸ್ ತಂಡ, ಉಳಿದ ನಾಲ್ಕನ್ನೂ ಗೆದ್ದು, ಕೊನೆಗೆ 86 ವರ್ಷಗಳ ಬಳಿಕ ವರ್ಲ್ಡ್ ಸೀರೀಸ್ ಎತ್ತಿದ ವರ್ಷವದು. ಆಗ ಯಾರು ಎಷ್ಟು ಅತ್ತರು ಎಂಬ ಲೆಕ್ಕ ಇನ್ನೂ ಇತ್ಯರ್ಥವಾಗಿಲ್ಲ.

ಮರುದಿನ ಅದೇ ತಂಡದ ತವರು ಫೆನ್‌ವೇ ಪಾರ್ಕ್. 1912ರ ಮೈದಾನ, ಎಡಬದಿಗೆ ಅದೇ 37 ಅಡಿಯ ಹಸಿರು ಗೋಡೆ. ಕುರ್ಚಿಗಳು ಮಾತ್ರ ಕಿರಿದಾಗಿದ್ದವು. ನಾವು ಅಗಲವಾಗಿರುವ ಸಾಧ್ಯತೆಯನ್ನು ಯಾರೂ ಚರ್ಚೆಗೆ ತರಲಿಲ್ಲ. ಎಂಟನೇ ಇನ್ನಿಂಗ್ಸಿನ ನಡುವೆ ಇಡೀ ಮೈದಾನ ‘ಸ್ವೀಟ್ ಕ್ಯಾರೊಲೈನ್’ ಹಾಡಿತು. ನಮ್ಮಲ್ಲಿ ಶ್ರುತಿ ತಪ್ಪದವನು ಒಬ್ಬನೇ, ಅವನ ಬಾಯಿ ತುಂಬ ಹಾಟ್‌ಡಾಗ್ ಇತ್ತು.

ನಾಯಿ ಸಾಕಿದವರೇ, ನೆನಪಿನ ವಸ್ತುಗಳನ್ನು ಫ್ರಿಜ್ಜಿನ ಮೇಲಿಡಿ. ಬೆಕ್ಕೂ ಇದ್ದರೆ ಬ್ಯಾಂಕ್ ಲಾಕರೇ ವಾಸಿ.