ಗೋಡೆಯ ಮೇಲಿನ ಬಕಾಸುರನಿಗೊಂದು ಬಹಿರಂಗ ಪತ್ರ

ಶ್ರೀಮಾನ್ ಬಕಾಸುರರವರಿಗೆ,
ಬಿಡಾರ: ತೇಗದ ಪಟ್ಟಿ, ನಡುಮನೆ ಗೋಡೆ, ಕೈವಾರ.

ಸ್ವಾಮಿ, ತಮ್ಮನ್ನು ಭೀಮಸೇನ ಎಂದೋ ಮುಗಿಸಿದ ಎಂದು ನಮ್ಮೂರು ನಂಬಿದೆ. ಇದೇ ಏಕಚಕ್ರಪುರ ಎಂದು ಬಂದ ನೆಂಟರಿಗೆಲ್ಲ ಬೆಟ್ಟ ತೋರಿಸುತ್ತೇವೆ, ಭೀಮಲಿಂಗೇಶ್ವರನಿಗೆ ಕೈ ಮುಗಿಸುತ್ತೇವೆ. ತಾವು ಸದ್ದಿಲ್ಲದೆ ಬೆಟ್ಟ ಇಳಿದು, ನಮ್ಮ ತಾತ ಕಟ್ಟಿಸಿದ ಚಪ್ಪಡಿ ಕಲ್ಲಿನ ಮನೆಯಲ್ಲಿ ವೈರಿಂಗ್ ರೂಪ ತಾಳಿ ಐವತ್ತು ವರ್ಷವಾಯಿತೆಂದು ನನಗೆ ಗೊತ್ತಾದದ್ದು ಮೊನ್ನೆ.

ಹಳೆಯ ಕರಾರಿನಲ್ಲಿ ತಮಗೆ ಸರದಿಯ ಪ್ರಕಾರ ಮನೆಗೊಂದು ಬಂಡಿ ಅನ್ನ, ಎರಡು ಕೋಣ, ಒಬ್ಬ ಮನುಷ್ಯ. ನಮ್ಮ ಮನೆಯಿಂದ ಇದುವರೆಗೆ ಸಂದಾಯವಾದದ್ದು ಎರಡು ಟಿವಿ, ಒಂದು ಮಿಕ್ಸಿ, ಸಂಪಿನ ಮೋಟಾರು, ಎಣಿಸಲಾರದಷ್ಟು ಬಲ್ಬು. ಪ್ರತಿ ಸಲವೂ ನಾವು ಬೈದದ್ದು ಮಾರಿದ ಅಂಗಡಿಯವನನ್ನು. ಕರಾರಿನ ಕೊನೆಯ ಬಾಬ್ತು ಮಾತ್ರ ಬಾಕಿಯಿದೆ. ಅದು ಬಾಕಿ ಇರುವಾಗಲೇ ಈ ಕಾಗದ ಬರೆಯಬೇಕೆನ್ನಿಸಿತು.

ತಾವು ಹೇಳದೆ ಕೇಳದೆ ತಿಂದವರಲ್ಲ, ಒಪ್ಪಿಕೊಳ್ಳುತ್ತೇನೆ. ಗ್ರೈಂಡರ್ ಹಾಕಿದಾಗಲೆಲ್ಲ ನಡುಮನೆ ದೀಪ ಮಂಕಾಗುತ್ತಿತ್ತು. ಯಾರೋ ಊಟಕ್ಕೆ ಬರ್ತಾರೆ ಕಣೋ ಎಂದು ಅಜ್ಜಿ ಒಂದು ಪಾವು ಅಕ್ಕಿ ಜಾಸ್ತಿ ಇಡುತ್ತಿದ್ದಳು. ಚಳಿಗಾಲದಲ್ಲಿ ಸ್ವಿಚ್ ಬೋರ್ಡಿನ ಹಿಂದೆಯೇ ಹಲ್ಲಿಗಳ ಸಂಸಾರ. ಬೋರ್ಡು ಬೆಚ್ಚಗಿದೆ ಎಂಬ ಸುದ್ದಿ ನಮಗಿಂತ ಮೊದಲು ಹಲ್ಲಿಗೆ ಮುಟ್ಟಿತ್ತು. ಬಚ್ಚಲಿನ ನಲ್ಲಿ ಮುಟ್ಟಿದರೆ ಜುಮ್ಮೆನ್ನುತ್ತದೆ ಎಂದರೆ ಅಪ್ಪ, "ಹವಾಯಿ ಚಪ್ಪಲಿ ಹಾಕ್ಕೊಂಡು ಸ್ನಾನ ಮಾಡು" ಎಂದರು. ಒಂದು ಸಂಜೆಯಂತೂ ಮನೆಯೆಲ್ಲ ಮೀನಿನ ವಾಸನೆ. ಮೊಟ್ಟೆ ಸಹ ತಾರದ ಮನೆ ನಮ್ಮದು. ಪಕ್ಕದ ಮನೆಯವರ ಮೇಲೆ ಅಮ್ಮ ಮೂರು ದಿನ ಮುನಿಸಿಕೊಂಡಳು. ಅದು ಕಾವೇರಿದ ಸ್ವಿಚ್ಚಿನ ಪ್ಲಾಸ್ಟಿಕ್ಕು ಬೇಯುವ ವಾಸನೆಯೆಂದು ಯಾರಿಗೆ ಹೊಳೆಯಬೇಕು?

ತಮ್ಮ ಪರವಾಗಿಯೂ ಒಂದು ಮಾತು. ತಾವು ಬಂದಾಗ ಹೊರೆ ಎಷ್ಟಿತ್ತು? 40 ವ್ಯಾಟಿನ ಮೂರು ಬಲ್ಬು, ಒಂದು ರೇಡಿಯೋ. ಆಮೇಲೆ ಫ್ರಿಜ್ಜು ಬಂತು, ಗೀಸರು ಬಂತು, ಹುಳದ ಮನೆಗೆ ಹೀಟರ್ ಬಂತು. ರೇಷ್ಮೆ ಹುಳಕ್ಕೆ ಚಳಿಯಾಗಬಾರದು. ನಾಲ್ಕನೇ ಜ್ವರದಲ್ಲಿರುವ, ಅಂದರೆ ನಾಲ್ಕನೇ ಸಲ ಪೊರೆ ಬಿಡುವ ಹುಳಕ್ಕೆ ಸಿಗುವ ಉಪಚಾರ ನಮ್ಮನೆಯಲ್ಲಿ ಜ್ವರ ಬಂದ ಮಕ್ಕಳಿಗೂ ಸಿಕ್ಕಿಲ್ಲ. 2000 ವ್ಯಾಟಿನ ಹೀಟರ್ ಎಳೆಯುವುದು ಹೆಚ್ಚುಕಡಿಮೆ 9 ಆಂಪ್ಸ್. ನಾವು ಸಿಕ್ಕಿಸಿದ್ದು ರೇಡಿಯೋಗೆಂದು ಇಟ್ಟಿದ್ದ 5 ಆಂಪ್ಸ್ ಪ್ಲಗ್ಗಿಗೆ. ಕರೆಂಟು ಎರಡು ಪಟ್ಟಾದರೆ ತಂತಿಯ ಕಾವು ನಾಲ್ಕು ಪಟ್ಟಾಗುತ್ತದೆ.

ಅಂಥ ಹೊತ್ತಿಗೆ ಸಾಯಬೇಕಾದದ್ದು ಫ್ಯೂಸು. ಅದು ಹುಟ್ಟಿದ್ದೇ ಅದಕ್ಕೆ. ಪದೇಪದೇ ಸಾಯುತ್ತದೆ ಎಂದು ಬೇಸತ್ತು, ಪಿಂಗಾಣಿ ಕ್ಯಾರಿಯರಿನಲ್ಲಿ ಅಪ್ಪ ತಾಮ್ರದ ಎಳೆಗಳನ್ನು ಮೂರು ಸುತ್ತು ಹೊಸೆದು ಕಟ್ಟಿದರು. ಅಂದಿನಿಂದ ನಮ್ಮನೆ ಫ್ಯೂಸು ಚಿರಂಜೀವಿ. ಇದನ್ನು ಅಪ್ಪ ನೆಂಟರ ಮುಂದೆ ಹೆಮ್ಮೆಯಿಂದ ಹೇಳುತ್ತಿದ್ದರು.

2023ರ ಆಗಸ್ಟಿನಲ್ಲಿ ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆ ಬಂತು, ಬಿಲ್ಲು ಸೊನ್ನೆಯಾಯಿತು. ಅದಕ್ಕೆ ಮೊದಲು ಬಿಲ್ ಏರಿದರೆ ಅಪ್ಪ ಮನೆಯವರನ್ನಾದರೂ ವಿಚಾರಿಸುತ್ತಿದ್ದರು. ಈಗ ಮನೆಯ ಸ್ವಿಚ್ಚೆಲ್ಲ ಆರಿಸಿ, ಪ್ಲಗ್ಗೆಲ್ಲ ಕಿತ್ತು ಮಲಗಿದ ಮೇಲೂ ಮೀಟರಿನ ಕೆಂಪು ದೀಪ ಮಿಟುಕುತ್ತಲೇ ಇರುತ್ತದೆ. ತಾವು ಕತ್ತಲಲ್ಲಿ ಕೂತು ಸೋರುವ ಕರೆಂಟನ್ನು ಗುಟುಕರಿಸುತ್ತಿದ್ದೀರಿ. ದುಡ್ಡು ಕೊಡುವುದು ನಿಂತ ಮೇಲೆ ಲೆಕ್ಕ ಕೇಳುವವರಾದರೂ ಯಾರು?

ಹೋದ ವರ್ಷ ತಂಗಿಯ ಮದುವೆಗೆ ಮನೆಗೆ ಬಣ್ಣ ಹೊಡೆಸಿದೆವು. ಬಣ್ಣದವನು ಗೋಡೆ, ತೇಗದ ಪಟ್ಟಿ, ಅದರ ಮೇಲಿನ ವೈರು, ಬೋರ್ಡಿನ ಸ್ಕ್ರೂ ಎಲ್ಲಕ್ಕೂ ಒಂದೇ ಆಕಾಶನೀಲಿ ಬಳಿದು ಹೋದ. ಫೋಟೋದಲ್ಲಿ ಚೆನ್ನಾಗಿ ಬಂದಿದ್ದೀರಿ.

ಮೊನ್ನೆ ವೈರ್‌ಮನ್ ಹುಡುಗ ಬಂದ. ಭೀಮನಿಗೆ ತಕ್ಕವನೇ, ಮೊದಲು ಎರಡು ಮುದ್ದೆ, ಬಸ್ಸಾರು ಮುಗಿಸಿ ಆಮೇಲೆ ಟೆಸ್ಟರ್ ತೆಗೆದ. ನೀಲಿ ಬಣ್ಣ ಕೆರೆದು ಸ್ಕ್ರೂ ಬಿಚ್ಚಿ, ವೈರನ್ನು ಎರಡು ಬೆರಳಲ್ಲಿ ಮೆಲ್ಲಗೆ ಬಗ್ಗಿಸಿದ. ರಬ್ಬರು ಹಪ್ಪಳದಂತೆ ಪುಡಿಯಾಗಿ ಅವನ ಅಂಗೈಗೆ ಬಿತ್ತು. ಒಳಗೆ ಬೆತ್ತಲೆ ತಾಮ್ರ, ಅದರ ಹಿಂದಿನ ಮರ ಇದ್ದಿಲಿನಷ್ಟು ಕಪ್ಪು. "ಅಣ್ಣಾ, ಇಷ್ಟು ದಿನ ಕರೆಂಟನ್ನ ಹಿಡಿದಿದ್ದು ವೈರಲ್ಲ, ನಿಮ್ಮ ಪೇಂಟು" ಎಂದ.

ಅಪ್ಪ ಈಗಲೂ ತಮ್ಮ ಪಕ್ಷವೇ. "ಬಲ್ಬು ಉರೀತಾ ಇದೆಯಲ್ಲ, ಇನ್ನೇನು?" ಎನ್ನುತ್ತಾರೆ. ಬಣ್ಣ ಹಾಳಾಗುತ್ತದೆ ಎಂಬ ಸಂಕಟ ಬೇರೆ. ಆದರೂ ಎಸ್ಟಿಮೇಟು ಬರೆಸಿದ್ದೇನೆ: ಪ್ಲಗ್ಗಿಗೆ 2.5 ಚದರ ಮಿ.ಮೀ. ವೈರು, ಗೀಸರಿಗೆ 4ರದ್ದು, ನಮ್ಮನೆ ಎಂದೂ ಕಾಣದ ಹಸಿರು ಅರ್ಥ್ ವೈರು, ಹಿತ್ತಲಲ್ಲಿ ಅದಕ್ಕೊಂದು ಗುಂಡಿ, 30 ಮಿಲಿಆಂಪ್ಸ್ ದಾರಿ ತಪ್ಪಿದರೂ ತಟ್ಟನೆ ಬೀಳುವ ಆರ್‌ಸಿಸಿಬಿ. ತಮ್ಮ ತಾಮ್ರವನ್ನು ಗುಜರಿಯವನು ಆಗಲೇ ತೂಕಕ್ಕೆ ಕೇಳಿಕೊಂಡು ಹೋಗಿದ್ದಾನೆ.

ಹುಡುಗ ಸೋಮವಾರ ಬರುತ್ತಾನೆ. ಅಲ್ಲಿಯವರೆಗೆ ಮೇನ್ ಸ್ವಿಚ್ ಇಳಿಸಿ, ಹ್ಯಾಂಡಲನ್ನು ಅಮ್ಮನ ಹಳೇ ಸೀರೆ ಅಂಚಿನಿಂದ ಬಿಗಿದು ಕಟ್ಟಿದ್ದೇನೆ. ಬುಡ್ಡಿದೀಪದ ಮುಂದೆ ಬರೆದ ಕಾಗದ, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸಬೇಕು. ಅಪ್ಪ ಕತ್ತಲಲ್ಲಿ ಆ ಗಂಟು ಹುಡುಕುತ್ತಿರುವ ಸದ್ದು ಕೇಳಿಸುತ್ತಿದೆ, ಎದ್ದು ಹೋಗಬೇಕು.

ಇಂತಿ,
ಸರದಿಯಲ್ಲಿರುವವನು