ಒಟಿಪಿ ಬಂತೇ, ರಾಯರೇ?

"ರಾಯರೇ, ಪಿಂಚಣಿ ಆದೇಶ ಈಗ ಡಿಜಿಲಾಕರಿನಲ್ಲೇ ಸಿಗುತ್ತೆ. ಅಂಚೆಯವನ ದಾರಿ ಕಾಯೋ ಕಷ್ಟ ತಪ್ಪಿತು," ಎಂದರು ಅಧಿಕಾರಿಗಳು. "ಕಾಯೋದೇನೂ ತಪ್ಪಲಿಲ್ಲ ಸಾರ್, ಈಗ ಒಟಿಪಿ ದಾರಿ ಕಾಯ್ತೀನಿ," ಎಂದರು ರಾಯರು. ನನಗೆ ರಾಯರ ಮಾತೇ ಸರಿ ಎನಿಸುತ್ತದೆ. ಆದೇಶವಾಗಲಿ, ನೋಟಿಸಾಗಲಿ, ತಲುಪಿಸುವುದು ಕೊಡುವವರ ಹೊಣೆ. ರಿಜಿಸ್ಟರ್ಡ್ ಅಂಚೆಗೆ ಸ್ವೀಕೃತಿ ಚೀಟಿ ಇದ್ದದ್ದು ಅದಕ್ಕೇ. ಪೋರ್ಟಲಿಗೆ ಹಾಕಿದೊಡನೆ ಆ ಹೊಣೆ ಸದ್ದಿಲ್ಲದೆ ರಾಯರ ಹೆಗಲೇರುತ್ತದೆ: ಹುಡುಕಬೇಕಾದವರು ಅವರು, ನೋಡದಿದ್ದರೆ ತಪ್ಪೂ ಅವರದೇ. ಆಧಾರಿಗೆ ಜೋಡಿಸಿದ ಹಳೆಯ ಸಿಮ್ಮು ಸತ್ತಿದ್ದರೆ, ರಾಯರು ಬದುಕಿದ್ದೂ ಉಪಯೋಗವಿಲ್ಲ.

"ಕಾಗದ ಕಳೆದುಹೋಗಲ್ವೇ? 2014ರಲ್ಲಿ ಜೀವನ್ ಪ್ರಮಾಣ್ ಅನ್ನೋ ಡಿಜಿಟಲ್ ಜೀವಿತ ಪ್ರಮಾಣಪತ್ರ ಬಂದಮೇಲೆ ನವೆಂಬರಿನಲ್ಲಿ ಬ್ಯಾಂಕಿನ ಮುಂದೆ ನಿಲ್ಲೋದು ತಪ್ಪಲಿಲ್ವೇ? ಬೆರಳಚ್ಚು ಸವೆದವರು 2021ರಿಂದ ಮುಖ ತೋರಿಸಿದರೂ ಸಾಕು!" ಎಂದರು ಅಧಿಕಾರಿಗಳು. ಒಪ್ಪಬೇಕಾದ ಮಾತೇ. ಆದರೆ ಅಲ್ಲಿ ಉಳಿತಾಯವಾದದ್ದು ಮುದುಕರ ಓಡಾಟ. ಇಲ್ಲಿ ಉಳಿಯುವುದು ಇಲಾಖೆಯ ಅಂಚೆವೆಚ್ಚ. ಇನ್ನೂ ಸ್ವಾರಸ್ಯವೆಂದರೆ, 2020ರಿಂದ ಆ ಡಿಜಿಟಲ್ ಪ್ರಮಾಣಪತ್ರವನ್ನು ಶುಲ್ಕ ಪಡೆದು ಮನೆಬಾಗಿಲಲ್ಲೇ ಮಾಡಿಕೊಡುತ್ತಿರುವವನು ಬೇರಾರೂ ಅಲ್ಲ, ಅದೇ ಅಂಚೆಯವನು.

"ಹೇಗೂ ಬರ್ತಾನಲ್ಲ, ಕಾಗದವನ್ನೂ ಅವನ ಕೈಲೇ ಕಳಿಸಿಬಿಡಿ," ಎಂದರು ರಾಯರು.

"ಆಗಲಿ, ಒಂದು ಮನವಿ ಕೊಡಿ."

"ಎಲ್ಲಿ?"

"ಪೋರ್ಟಲಿನಲ್ಲಿ."