ಟ್ಯಾಂಕ್ ಕಾಕಾ

ಬೆಳಗಾವಿಯ ಖಾಸಬಾಗದಲ್ಲಿ ಜನ ಎಚ್ಚರಾಗುವುದು ಸದ್ದು ನಿಂತಾಗ. ವಿದ್ಯುತ್ ಮಗ್ಗಗಳ ಖಟಖಟದಲ್ಲೇ ತೊಟ್ಟಿಲು ತೂಗಿಸಿಕೊಂಡವರಿಗೆ ಆ ಸದ್ದೇ ಜೋಗುಳ. ನಡುರಾತ್ರಿ ಕರೆಂಟು ಹೋಗಿ ಓಣಿ ಗಪ್ಪಾಯಿತೆಂದರೆ ಮನೆಮನೆಯಲ್ಲೂ ಮಗ್ಗುಲು ಬದಲಾಗುತ್ತದೆ. ಉಳಿದವರು ಬೀಸಣಿಕೆ ತಡಕಾಡುತ್ತಾರೆ. ನಮ್ಮ ಟ್ಯಾಂಕ್ ಕಾಕಾ ಬನಿಯನ್ನು, ಪಟ್ಟಾಪಟ್ಟಿ ಚಡ್ಡಿಯಲ್ಲೇ ಪಡಸಾಲೆಗೆ ಓಡುತ್ತಾರೆ. ಅಲ್ಲೊಂದು ಇನ್ವರ್ಟರ್ ಇದೆ. ಅದರ ತಂತಿ ಫ್ಯಾನಿಗೂ ಹೋಗಿಲ್ಲ, ಬಲ್ಬಿಗೂ ಹೋಗಿಲ್ಲ. ನೇರ ಮೀನಿನ ಟ್ಯಾಂಕಿನ ಪಂಪಿಗೆ ಹೋಗಿದೆ. ಪಂಪು ಗುಂಯ್‌ಗುಟ್ಟುವುದು ಕೇಳಿಸಿದ ಮೇಲೆಯೇ ಕಾಕಾನ ಎದೆಬಡಿತ ಜಾಗಕ್ಕೆ ಬರುವುದು. ಒಳಗಿನ ಕೋಣೆಯಲ್ಲಿ ಅವರ ಹೆಂಡತಿ, ನಮ್ಮ ಕಾಕು, ಹಳೇ ಕ್ಯಾಲೆಂಡರಿನಿಂದ ಗಾಳಿ ಹಾಕಿಕೊಳ್ಳುತ್ತ ಅನ್ನುತ್ತಾರೆ: "ಮುಂದಿನ ಜನ್ಮದಾಗ ಮೀನಾಗಿ ಹುಟ್ಟಬೇಕವಾ. ಅದೂ ಇದ ಮನ್ಯಾಗ!"

ಇಂಥವರು ಎಲ್ಲ ಊರಲ್ಲೂ ಒಬ್ಬೊಬ್ಬರು ಇರುತ್ತಾರೆ. ಒಬ್ಬ ಪಾರಿವಾಳ ಸಾಕುತ್ತಾನೆ, ಇನ್ನೊಬ್ಬ ಓಡದ ರಾಜದೂತ್ ಬೈಕನ್ನು ದಿನಾ ಒರೆಸುತ್ತಾನೆ. ಗುರುತು ಒಂದೇ: ಮನೆಗೆ ಬಂದವರಿಗೆ ನೀರು ಕೊಡುವ ಮೊದಲು ತಮ್ಮ ಹವ್ಯಾಸ ತೋರಿಸುವುದು. ಟ್ಯಾಂಕ್ ಕಾಕಾನ ಮನೆಗೆ ಮದುವೆ ಕಾರ್ಡು ಕೊಡಲು ಹೋದವರು ನೈಟ್ರೇಟು ಎಷ್ಟಿರಬೇಕು ಅಂತ ತಿಳಿದುಕೊಂಡು ಹೊರಗೆ ಬರುತ್ತಾರೆ. ಕಾರ್ಡು ಕೈಯಲ್ಲೇ ಉಳಿದಿರುತ್ತದೆ.

ಹಾಗಂತ ಕಾಕಾನದು ಗೋಲ್ಡ್‌ಫಿಶ್ಶಿನ ಗಾಜಿನ ಬುಡ್ಡಿ ಅಂದುಕೊಳ್ಳಬೇಡಿ. ಸಾಕ್ಷಾತ್ ಸಮುದ್ರ. ಬೆಳಗಾವಿ ಇರುವುದು ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿ. ಸಮುದ್ರ ನೋಡಬೇಕೆಂದರೆ ಚೋರ್ಲಾ ಘಾಟು ಇಳಿದು ಗೋವಾ ಮುಟ್ಟಬೇಕು. ಕಾಕಾ ಅದನ್ನೇ ಘಾಟು ಹತ್ತಿಸಿ ತಂದು ಪಡಸಾಲೆಯಲ್ಲಿ ಕೂಡಿಸಿದ್ದಾರೆ. ಆರು ಅಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರ. ಹಿಡಿಸುವ ನೀರು ಸುಮಾರು 680 ಲೀಟರ್. ಲೀಟರಿಗೆ 35 ಗ್ರಾಂ ಉಪ್ಪು ಅಂದರೆ ಮೊದಲ ಸಲ ಟ್ಯಾಂಕು ತುಂಬಲು ಹತ್ತಿರಹತ್ತಿರ 24 ಕಿಲೋ. ಉಪ್ಪಿನ ಬಕೆಟ್ಟುಗಳು ಮನೆಗೆ ಬಂದ ದಿನ ಕಾಕು ಕೇಳಿದ್ದರು: "ಎಷ್ಟ್ ಮಣ ಮಾವಿನಕಾಯಿ ತರಾವ್ರು?"

ಟ್ಯಾಂಕಿನ ಅಡಿಪಾಯ ಮಾತ್ರ ಅಪ್ಪಟ ನಮ್ಮ ಜಿಲ್ಲೆಯದು. ಖಾನಾಪುರದ ಮಣ್ಣು ಹಂಚಿಗೂ ಮಡಕೆಗೂ ಹೆಸರಾದದ್ದು. ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆಯೂ ಅಲ್ಲೇ ಇದೆ. ಕಾಕಾ ಖಾನಾಪುರಕ್ಕೆ ಹೋಗಿ, ಬಣ್ಣವಿಲ್ಲದ, ಮೆರುಗಿಲ್ಲದ, ತೂತುತೂತಾದ ಮಣ್ಣಿನ ಬಂಡೆಗಳನ್ನು ಸುಡಿಸಿಕೊಂಡು ಬಂದರು. ಕುಂಬಾರ ಎರಡು ಸಲ ಕೇಳಿದನಂತೆ, "ಸಾಹೇಬ್ರ, ಇದು ಒಡದದ್ದು ಬೇಕೋ, ಒಡೀಬೇಕೋ?" ಈಗ ಆ ಬಂಡೆಗಳ ಮೇಲೆ ಮೆದು ಹವಳಗಳು ಅಣಬೆಯಂತೆ ಅರಳಿ ಕೂತಿವೆ. ಬಿಲ್ಲು ಸಮೇತ ತಂದವು. ಒಮ್ಮೆ ಸೋದರಳಿಯ ಉತ್ಸಾಹದಿಂದ, "ಮಾಮಾ, ಮುರ್ಡೇಶ್ವರಕ್ಕ ಹೊಂಟೇನಿ, ನೇತ್ರಾಣಿಯಿಂದ ಒಂದ್ ಹವಳ ಮುರಕೊಂಡ ಬರ್ಲಿ?" ಅಂದ. ಕಾಕಾ ಎದ್ದು ಬಾಗಿಲು ಹಾಕಿದರು. "ಮಳ್ಳ! ದಿಬ್ಬ ಕಟ್ಟೋ ಹವಳ ವನ್ಯಜೀವಿ ಕಾಯ್ದೆ ಒಂದನೇ ಪಟ್ಟಿಯಾಗ ಅದಾವು. ಹುಲಿಗೆ ಏನ್ ಕಾಯ್ದೆನೋ ಅದಕ್ಕೂ ಅದ. ಕಮ್ಮಿ ಅಂದ್ರ ಮೂರ್ ವರ್ಷ ಹಿಂಡಲಗಾದಾಗ ಕುಂದರಬೇಕಾಗ್ತದ!" ಹಿಂಡಲಗಾ ಅಂದರೆ ನಮ್ಮೂರ ಜೈಲು. ಅಳಿಯ ಮುರ್ಡೇಶ್ವರದಿಂದ ಪ್ರಸಾದ ಮಾತ್ರ ತಂದ.

ಇಷ್ಟೆಲ್ಲ ಆದ ಮೇಲೆ ಕಾಕಾನಿಗೆ ಒಂದು ಕೊರತೆ ಕಾಡತೊಡಗಿತು. ಟ್ಯಾಂಕಿನಲ್ಲಿ 'ಯಜಮಾನ' ಇಲ್ಲ. ಚಿಕ್ಕಪುಟ್ಟ ಮೀನುಗಳಿವೆ, ನಾಕು ಸಿಗಡಿ ಇವೆ, ಬಸವನಹುಳುಗಳಿವೆ. ಗತ್ತಿನ ಮೀನೊಂದು ಬೇಕು. ಗತ್ತು ಅಂದರೆ ಟ್ರಿಗರ್ ಮೀನು.

ಟ್ರಿಗರ್ ಅನ್ನುವ ಹೆಸರು ಯಾಕೆ ಬಂತು ಅಂತ ಕಾಕಾ ನಮ್ಮೆಲ್ಲರಿಗೂ ಬೆರಳಿನಲ್ಲೇ ತೋರಿಸಿದ್ದಾರೆ. ತೋರುಬೆರಳು ನೆಟ್ಟಗೆ ನಿಲ್ಲಿಸುತ್ತಾರೆ. ಅದು ಬೆನ್ನಿನ ಮೊದಲ ಮುಳ್ಳು. ನಡುಬೆರಳನ್ನು ಅದರ ಬುಡಕ್ಕೆ ಆನಿಸುತ್ತಾರೆ. ಅದು ಎರಡನೆಯ ಮುಳ್ಳು. "ಇದು ಚಿಲಕಪಾ. ಮೀನು ಅಂಜಿ ಸಂದ್ಯಾಗ ಹೊಕ್ಕು ಮುಳ್ಳ ಎತ್ತಿತಂದ್ರ ಮುಗೀತು, ಎಳದ್ರ ಬರೂದಿಲ್ಲ. ಆದ್ರ ಎರಡನೇದನ್ನ ಮೆಲ್ಲಕ ಒತ್ತು..." ಒತ್ತಿದರೆ ತೋರುಬೆರಳು ಪಟ್ಟನೆ ಮಲಗುತ್ತದೆ. ಬಂದೂಕಿನ ಕುದುರೆ ಎಳೆದಂತೆ. ಈ ಪ್ರಾತ್ಯಕ್ಷಿಕೆಯನ್ನು ಕಾಕಾ ಭಾನುವಾರದ ಸಂತೆಯಲ್ಲಿ ಬದನೆಕಾಯಿ ಆರಿಸುವಾಗಲೂ ಮಾಡಿದ್ದುಂಟು. ಕಾಯಿಪಲ್ಯೆದವಳು ಎರಡು ಬೆರಳು ಕಂಡು "ಎರಡ್ ಕಿಲೋ ರೀ?" ಅಂತ ತೂಗಿಯೇ ಬಿಟ್ಟಳು.

ಟ್ರಿಗರ್‌ಗಳಲ್ಲಿ ಸುಮಾರು ನಲವತ್ತು ಜಾತಿ. ಯಾವುದನ್ನು ತರುವುದು? ಇಲ್ಲಿ ಕಾಕಾನ ಕಸುಬು ಅಡ್ಡ ಬಂತು. ಮೂರು ತಲೆಮಾರು ಸೀರೆ ನೇಯ್ದ ಕಣ್ಣು. ಮೀನು ನೋಡಿದರೂ ಸೀರೆಯೇ ಕಾಣುತ್ತದೆ. ಕ್ಲೌನ್ ಟ್ರಿಗರ್‌ನ ಚಿತ್ರ ನೋಡಿದವರೇ ಮೂಕರಾದರು. ಕಪ್ಪು ಒಡಲು, ಹೊಟ್ಟೆಯ ಕಡೆಗೆ ಬಿಳಿಯ ದೊಡ್ಡ ಬುಟ್ಟಾ, ಬೆನ್ನ ಮೇಲೆ ಹಳದಿ ಜಾಳಿಗೆ, ತುಟಿಗೆ ಅರಿಷಿಣ. "ಲಗ್ನದ ಸೀರಿ!" ಎಂದರು. ಹಸಿರಿನ ಮೇಲೆ ಕಿತ್ತಳೆ ಗೆರೆಯ ಅಂಡುಲೇಟ್ ಟ್ರಿಗರ್ ನೋಡಿ, "ಆಹಾ, ಇದು ಇಳಕಲ್ ಪೈಕಿ" ಎಂದರು. ಇವೆರಡೂ ದೊಡ್ಡವಾದ ಮೇಲೆ ಒಡಹುಟ್ಟಿದವರನ್ನೂ ಬಿಡದ ಜಾತಿ, ಕ್ಲೌನ್ ಅರ್ಧ ಮೀಟರ್ ಬೆಳೆಯುತ್ತದೆ, ಸಿಗಡಿ-ಏಡಿ-ಚಿಪ್ಪು ಯಾವುದೂ ಉಳಿಯುವುದಿಲ್ಲ ಅಂತ ಯಾರಾದರೂ ಎಚ್ಚರಿಸಿದರೆ, "ಬಣ್ಣ ನೋಡೋ ಬಣ್ಣ" ಅನ್ನುವುದೇ ಉತ್ತರ.

ಕೊನೆಗೆ ಮನೆಗೆ ಬಂದದ್ದು ಪಿಕಾಸೊ. ಅದರ ಮೈಮೇಲಿನ ಗೀಟುಗಳು ಯಾವನೋ ಡಿಸೈನರ್ ನಿದ್ದೆಗಣ್ಣಿನಲ್ಲಿ ಎಳೆದಂತಿವೆ. ಆದರೆ ಕಾಕಾ ಸೋತದ್ದು ಅದರ ವಂಶದ ಹೆಸರಿಗೆ. ಪಿಕಾಸೊನ ದಾಯಾದಿಯೊಂದು ಹವಾಯಿ ರಾಜ್ಯದ ಅಧಿಕೃತ ಮೀನು. ಅಲ್ಲಿಯ ಭಾಷೆಯಲ್ಲಿ ಅದರ ಹೆಸರು 'ಹುಮುಹುಮುನುಕುನುಕುಆಪುಆಅ'. ಹಂದಿಯಂಥ ಮೂತಿಯ ಟ್ರಿಗರ್ ಅಂತ ಅರ್ಥ. ಇದನ್ನು ತಪ್ಪಿಲ್ಲದೆ ಹೇಳಲು ಕಾಕಾ ಎಂಟು ದಿನ ಅಭ್ಯಾಸ ಮಾಡಿದರು. ಕೇಳಿದ ಮೊಮ್ಮಗ ಅಜ್ಜನಿಗೆ ಥಂಡಿ ಜ್ವರ ಅಂದುಕೊಂಡ.

ಪಿಕಾಸೊ ಬಂದಾಗ ಅಂಗೈಯ ಅರ್ಧದಷ್ಟಿತ್ತು. "ಇನ್ನೂ ಕೂಸು" ಎಂದರು ಕಾಕಾ. ಕೂಸು ಎರಡೂ ಕಣ್ಣುಗಳನ್ನು ಬೇರೆಬೇರೆ ದಿಕ್ಕಿಗೆ ತಿರುಗಿಸಿ ಮನೆ ಪರಿಶೀಲಿಸಿತು. ಒಂದು ಕಣ್ಣು ಸಿಗಡಿಯ ಮೇಲೆ, ಇನ್ನೊಂದು ಬಸವನಹುಳುವಿನ ಮೇಲೆ. ಮೊದಲ ವಾರದಲ್ಲಿ ನಾಕು ಸಿಗಡಿಯಲ್ಲಿ ಎರಡು ಉಳಿದವು. "ಅಡಗಿರ್ತಾವು" ಎಂದರು ಕಾಕಾ. ಎರಡನೆಯ ವಾರ ಎಲ್ಲವೂ ಅಡಗಿದವು. ಬಸವನಹುಳುಗಳ ಚಿಪ್ಪು ಮಾತ್ರ ಉಳಿದು, ಒಳಗಿನವರು ಮನೆ ಖಾಲಿ ಮಾಡಿದ್ದರು. ಕಾಕು ಆ ಚಿಪ್ಪುಗಳನ್ನು ತೊಳೆದು ತುಳಸಿಕಟ್ಟೆಯ ಸುತ್ತ ಜೋಡಿಸಿದರು.

ಮೀನು ವಾಪಸ್ ಕೊಡಬೇಕೆಂದು ತೀರ್ಮಾನವಾಯಿತು. ಹಿಡಿಯುವುದು ಹೇಗೆ? ಬಲೆ ಹಾಕಿದರೆ ಮುಳ್ಳು ಎಳೆಗೆ ಸಿಕ್ಕಿಕೊಳ್ಳುತ್ತದೆ. ನೂಲು ಸಿಕ್ಕಾದರೆ ಬಿಡಿಸಬಲ್ಲ ಕಾಕಾನಿಗೂ ಇದು ಆಗದ ಕೆಲಸ. ಡಬ್ಬಿಯಲ್ಲೇ ಹಿಡಿಯಬೇಕು. ಕಾಕು ಪಾಪ ನೆರವಿಗೆಂದು ದೇವರ ಮನೆಯ ತಾಮ್ರದ ತಂಬಿಗೆ ತಂದರು. ಅದು ಇನ್ನೇನು ನೀರು ಮುಟ್ಟಬೇಕು, ಕಾಕಾ ಕೂಗಿದ ಕೂಗಿಗೆ ಆಚೆ ಮನೆಯ ಮಗ್ಗ ನಿಂತಿತು. ತಾಮ್ರ ಕರಗಿದರೆ ಹವಳಕ್ಕೆ, ಸಿಗಡಿಗೆ ವಿಷ. "ಗಂಗಾಜಲ ಹಾಕೋ ತಂಬಿಗಿ ವಿಷ ಅನ್ನೋ ಗಂಡಸನ್ನ ಇದ ಮೊದಲ ಸಲ ನೋಡಿದ್ನಿ" ಅಂದರು ಕಾಕು. ಪ್ಲಾಸ್ಟಿಕ್ ಮಗ್ಗಿನಲ್ಲಿ ಪಿಕಾಸೊ ಸೆರೆಯಾಗುವ ಹೊತ್ತಿಗೆ ಸಂಜೆಯಾಗಿತ್ತು. ಆಚೆ ಬರುವಾಗ ಅದು ಗೊರ್ ಗೊರ್ ಅಂತ ಬೈಯಿತು. ಟ್ರಿಗರ್‌ಗಳು ನಿಜಕ್ಕೂ ಗೊರಗುಟ್ಟುತ್ತವೆ.

ನಂತರ ಒಂದು ಮದುವೆಗೆಂದು ಉಡುಪಿಗೆ ಹೋದವರು ನಾವು ಮಲ್ಪೆ ಬಂದರಿಗೂ ಹೋದೆವು. ಅಲ್ಲಿ ಕಡುನೀಲಿ ಮೀನಿನ ರಾಶಿ ಬಿದ್ದಿತ್ತು. ಅರ್ಧಚಂದ್ರದ ಬಾಲ, ಬಾಯಲ್ಲಿ ಕೆಂಪು ಹಲ್ಲು. ಕಾಕಾ ನಿಂತಲ್ಲೇ ನಿಂತರು. "ಇದು ನೈಜರ್ ಟ್ರಿಗರ್! ಇದನ್ನ ನಾವು ಪ್ಯಾಕೆಟ್ಟಿನ್ಯಾಗ ಆಕ್ಸಿಜನ್ ತುಂಬಿಸಿ, ಹಾದಿತುಂಬ ಜೀವ ಹಿಡಕೊಂಡು ತರ್ತೇವಿ!" ಅಲ್ಲಿಯವರಿಗೆ ಅದು 'ಕಾರ್ಗಿಲ್ ಮೀನು'. ಬಲೆಗೆ ಟನ್ನುಗಟ್ಟಲೆ ಬೀಳುತ್ತದೆ, ದಪ್ಪ ಚರ್ಮದ ಈ ಮೀನನ್ನು ಕೇಳುವವರು ಕಡಿಮೆ. ಬಹುಪಾಲು ಮೀನುಹಿಟ್ಟಿನ ಕಾರ್ಖಾನೆಗೆ ಹೋಗುತ್ತದೆ. ಮೀನುಹಿಟ್ಟು ಮತ್ತೆ ಮೀನಿನ ಆಹಾರದ ಗುಳಿಗೆಗೆ. ಅಂದರೆ ಕಾಕಾ ದಿನಾ ಎರಡು ಹೊತ್ತು ಟ್ಯಾಂಕಿಗೆ ಉದುರಿಸುವ ಗುಳಿಗೆಯಲ್ಲಿ ಇದೇ ಯಜಮಾನ ಪುಡಿಯಾಗಿ ಇದ್ದರೂ ಇರಬಹುದು. ಕಾಕಾ ಆ ದಿನ ಮದುವೆ ಊಟದಲ್ಲಿ ಎರಡೇ ಹೋಳಿಗೆ ತಿಂದರು.

ನೈಜರ್ ತರೋಣವೇ ಅಂತ ವಿಚಾರ ನಡೆಯಿತು. ಹವಳದ ತಂಟೆಗೆ ಹೋಗದ ಪ್ರಾಣಿ. ಆದರೆ ಅದಕ್ಕೆ ಕಲ್ಲು ಕಚ್ಚಿ ಆಚೀಚೆ ಸರಿಸುವ ಚಟ. "ಬ್ಯಾಡ್ರಿ," ಎಂದರು ಕಾಕು, "ಮನಿ ಸಾಮಾನು ದಿನಾ ಜಾಗ ಬದಲಿ ಮಾಡೂದಕ್ಕ ನೀವ ಸಾಕು."

ಅಷ್ಟು ಹೊತ್ತಿಗೆ ಕಾಕು ತಾವೇ ಮೊಬೈಲು ಹಿಡಿದು ಕೂತಿದ್ದರು. ಅವರು ಬಣ್ಣ ನೋಡಲಿಲ್ಲ. ಒಂದೊಂದೇ ಚಿತ್ರವನ್ನು ಎರಡು ಬೆರಳಿನಿಂದ ಹಿಗ್ಗಿಸಿ ಬಾಯಿ ನೋಡಿದರು. ಪಿಕಾಸೊನದು ಮುಂದಕ್ಕೆ ಚಾಚಿದ ಮೂತಿ, ಉಳಿಯಂಥ ಹಲ್ಲು. ಕ್ಲೌನ್‌ನದೂ ಅಷ್ಟೇ, ಚಿಪ್ಪು ಒಡೆಯುವ ಗಟ್ಟಿ ದವಡೆ. ಆಮೇಲೆ ಒಂದು ಸಪ್ಪೆ ಬೂದು ಮೀನಿನ ಹತ್ತಿರ ಬೆರಳು ನಿಂತಿತು. "ಇದರ ಬಾಯಿ ನೋಡ್ರಿ. ಮ್ಯಾಲ ಮಾರಿ ಮಾಡೇತಿ. ನೆಲದಾಗಿಂದು ಕೆದರಿ ತಿನ್ನೂ ಬಾಯಲ್ಲ, ಬಂದ ತುತ್ತು ತಿನ್ನೂ ಬಾಯಿ."

ಮೂರು ತಿಂಗಳು ಓದಿ ಕಾಕಾನಿಗೆ ಹೊಳೆಯದ ಸೂತ್ರ ಅದು. ನೀರಿನಲ್ಲಿ ತೇಲಿಬರುವ ಸಣ್ಣ ಜೀವಿಗಳನ್ನು ತಿನ್ನುವ ಟ್ರಿಗರ್‌ಗಳಿಗೆ ಹವಳ ಕಚ್ಚುವ ಗರಜು ಇಲ್ಲ. ಕಾಕು ತೋರಿಸಿದ್ದು ಬ್ಲೂಜಾ ಟ್ರಿಗರ್. ದೊಡ್ಡದಾದರೂ ಹೆಚ್ಚೆಂದರೆ ಒಂದಡಿ. ಹೆಣ್ಣು ಸಾದಾ; ಗಂಡಿಗೆ ಗಲ್ಲದ ಕೆಳಗೆ ನೀಲಿ, ರೆಕ್ಕೆ-ಬಾಲಗಳ ಸುತ್ತ ಹಳದಿ ಗೆರೆ. ಕಾಕಾ ಇನ್ನೂ ಕ್ಲೌನ್‌ನ ಬುಟ್ಟಾ ನೆನೆದು ಮುಖ ಹುಳಿ ಮಾಡಿಕೊಂಡೇ ಇದ್ದರು. ಆಗ ಮೊಮ್ಮಗ ಅದರ ಶಾಸ್ತ್ರೀಯ ಹೆಸರು ಓದಿದ: ಕ್ಸಾಂಥಿಕ್ಥಿಸ್ ಆರೋಮಾರ್ಜಿನೇಟಸ್. ಅರ್ಥವನ್ನೂ ಅವನೇ ಹುಡುಕಿದ. ಆರೋಮಾರ್ಜಿನೇಟಸ್ ಅಂದರೆ ಬಂಗಾರದ ಅಂಚಿನದು.

ಕಾಕಾ ಚಿತ್ರವನ್ನು ಮತ್ತೆ ನೋಡಿದರು. ಸಾದಾ ಒಡಲು. ಜರಿ ಅಂಚು. ಅವರ ಅಪ್ಪ, ಅಜ್ಜ ಇದೇ ಓಣಿಯಲ್ಲಿ ಜೀವಮಾನವಿಡೀ ನೇಯ್ದದ್ದು ಅಂಥದೇ ಸೀರೆಯನ್ನು. "ಅಲ್ಲಾ, ಇದು ನಮ್ಮ ಶಹಾಪುರ ಸೀರಿ!" ಎಂದರು.

ಬ್ಲೂಜಾ ಬಂದು ಈಗ ವರ್ಷ ತುಂಬಿದೆ. ಬಂದ ದಿನ ಖಾನಾಪುರದ ಬಂಡೆಯ ತೂತು ಹೊಕ್ಕು ಚಿಲಕ ಹಾಕಿಕೊಂಡು ಎರಡು ದಿನ ಹೊರಗೆ ಬರಲಿಲ್ಲ. ಕಾಕಾನೂ ಎರಡು ದಿನ ಮಗ್ಗದ ಕಡೆ ಹೋಗಲಿಲ್ಲ. ಮೂರನೆಯ ದಿನ ಕಾಕು ಸಿಗಡಿ ಚೂರು ಹಾಕಿದಾಗ ಬಂತು. ಈಗ ಕಾಕುವಿನ ಬಳೆ ಸದ್ದಾದರೆ ಮೇಲೆ ಬರುತ್ತದೆ, ಕಾಕಾ ಬಂದರೆ ಬಂಡೆಯ ಹಿಂದೆ ಹೋಗುತ್ತದೆ. ಟ್ಯಾಂಕಿನ ಖರ್ಚು ಯಾರದು, ಯಜಮಾನ ಯಾರು ಅನ್ನುವುದು ಮೀನಿಗೂ ತಿಳಿದಿದೆ.

ನೀವೂ ಇಂಥ ಹುಚ್ಚಿಗೆ ಬಿದ್ದಿದ್ದರೆ ಕಾಕಾನ ಮನೆಯ ಅನುಭವ ಇಷ್ಟು: ಟ್ಯಾಂಕು 450 ಲೀಟರಿಗಿಂತ ಚಿಕ್ಕದಿದ್ದರೆ ಟ್ರಿಗರ್ ಆಸೆ ಬಿಡಿ. ಉಳಿದ ಮೀನು, ಸಿಗಡಿ ಎಲ್ಲ ನೆಲೆಯೂರಿದ ಮೇಲೆ ಕೊನೆಗೆ ಇದನ್ನು ತನ್ನಿ. ಚಿಕ್ಕ ಸಿಗಡಿಯ ಗ್ಯಾರಂಟಿ ಬ್ಲೂಜಾ ಕೂಡ ಕೊಡುವುದಿಲ್ಲ. ಬಣ್ಣ ನೋಡುವ ಮೊದಲು ಬಾಯಿ ನೋಡಿ. ಮೇಲೆ ಮುಚ್ಚಳ ಇರಲಿ, ಇದು ಜಿಗಿಯುವ ಮೀನು. ಕಾಕಾನ ಟ್ಯಾಂಕಿನ ಮುಚ್ಚಳ ಸೊಳ್ಳೆಪರದೆಯದು. ಮನೆಯಲ್ಲಿದ್ದ ಒಂದೇ ಪರದೆ ಅದು.